ನಿತ್ಯ ತಿಲಾವತ್: ಕುರಾನ್ ಪಾರಾಯಣದ ಅಂತರಾರ್ಥ



ಇಸ್ಲಾಮ್ ಧರ್ಮದ ಅನುಷ್ಠಾನಗಳಲ್ಲಿ ನಮಾಜು, ರೋಜಾ, ಜಕಾತು, ಹಜ್ ಯಾತ್ರೆ ಇವುಗಳನ್ನು ಕುರಿತು ಅನ್ಯಮತೀಯರೂ ಅಷ್ಟಿಷ್ಟು ಬಲ್ಲರು. ಆದರೆ ಬೆಳಗಿನ ನಮಾಜಿನ ತರುವಾಯವೋ ಇರುಳಿನ ಏಕಾಂತದಲ್ಲಿಯೋ ಕುರಾನಿನ ಒಂದು ನಿಯತವಾದ ಭಾಗವನ್ನು ಪ್ರತಿದಿನವೂ ಬಿಡದೆ ಓದುವ, ಹೊರಗಿನವರ ಕಣ್ಣಿಗೆ ಬೀಳದೆ ನಡೆಯುವ ವ್ರತವನ್ನು ಕುರಿತು ವಿಚಾರಮಾಡಿದವರು ವಿರಳ. ಈ ಓದಿಗೆ ತಿಲಾವತ್ ಎಂದು ಹೆಸರು. ಓದುವವನು ತನಗೆಂದು ಗೊತ್ತುಮಾಡಿಕೊಂಡ ದಿನದ ಪಾಲಿಗೆ ವಿರ್ದ್ ಎಂದು ಹೆಸರು. ಆಯುಷ್ಯವೆಲ್ಲ ಒಂದೇ ಗ್ರಂಥವನ್ನು, ಮುಗಿದೊಡನೆ ಮೊದಲಿನಿಂದ ಆರಂಭಿಸಿ, ಅನೇಕರು ತಮಗೆ ಅರ್ಥವಾಗದ ಭಾಷೆಯಲ್ಲಿಯೇ ಓದುತ್ತಿರುವುದರಿಂದ ಆತ್ಮಕ್ಕೆ ದೊರೆಯುವುದೇನು ಎಂಬ ಪ್ರಶ್ನೆಯನ್ನು ಈ ಉಪನ್ಯಾಸದಲ್ಲಿ ಎತ್ತಿಕೊಳ್ಳುತ್ತೇನೆ. ಈ ಸಾಧನೆಯ ಜೀವವು ಓದಿದ ಪುಟಗಳ ರಾಶಿಯಲ್ಲಿಲ್ಲವೆಂದೂ, ಸ್ವಲ್ಪವೇ ಆದರೂ ಕ್ರಮತಪ್ಪದೆ ಓದಿ, ತಾನು ಆರಿಸಿಕೊಳ್ಳದ ಮಾತಿಗೂ ದಿನದಿನವೂ ಕಿವಿಗೊಡುವ ವಿನಯದಲ್ಲಿದೆಯೆಂದೂ ನಾನು ತಿಳಿದಿದ್ದೇನೆ. ಅದನ್ನೇ ಇಲ್ಲಿ ಪ್ರತಿಪಾದಿಸುತ್ತೇನೆ.

ಮೊದಲು ಆ ಗ್ರಂಥವು ಲೋಕಕ್ಕೆ ಬಂದ ರೀತಿಯನ್ನು ನೋಡಬೇಕು. ಕ್ರಿ. ಶ. 610ರ ಸುಮಾರಿನಲ್ಲಿ ಮಕ್ಕಾ ನಗರದ ಹೊರಗಿನ ಹಿರಾ ಗುಹೆಯಲ್ಲಿ ಏಕಾಂತಧ್ಯಾನದಲ್ಲಿದ್ದ ಪೈಗಂಬರ್ ಮುಹಮ್ಮದರಿಗೆ, ಓದೆಂಬ ಆಜ್ಞೆಯೊಡನೆ ಆರಂಭವಾದ ಈ ವಾಣಿ, 632ರಲ್ಲಿ ಅವರು ದೇಹತ್ಯಾಗ ಮಾಡುವ ಪರ್ಯಂತ, ಸುಮಾರು 23 ವರ್ಷಗಳ ಕಾಲ ಬಿಡಿಬಿಡಿಯಾಗಿ ಇಳಿದುಬಂದಿತು. ಇದು ಒಂದೇ ಸಲಕ್ಕೆ ಇಡಿಯಾಗಿ ಏಕೆ ಬರಲಿಲ್ಲವೆಂದು ವಿರೋಧಿಗಳು ಆಕ್ಷೇಪಿಸಿದ ಸಂಗತಿಯನ್ನು ಕುರಾನೇ ಅಲ್ ಫುರ್ಕಾನ್ ಎಂಬ ಸೂರಾದಲ್ಲಿ, ಎಂದರೆ ಅಧ್ಯಾಯದಲ್ಲಿ, ಎತ್ತಿಕೊಂಡು, ಪೈಗಂಬರರ ಹೃದಯವನ್ನು ದೃಢಗೊಳಿಸುವುದಕ್ಕಾಗಿಯೇ ಹೀಗೆ ಕ್ರಮಕ್ರಮವಾಗಿ ಅವತರಿಸಲಾಯಿತೆಂಬ ಅಭಿಪ್ರಾಯದ ಸಮಾಧಾನವನ್ನು ಕೊಡುತ್ತದೆ. ಇದು ನಮ್ಮ ವಿಷಯಕ್ಕೆ ಬೀಜಪ್ರಾಯವಾದ ಮಾತು. ವಾಣಿಯನ್ನು ಧರಿಸಲು ಆಯ್ಕೆಯಾದ ಮಹಾಪುರುಷರ ಹೃದಯಕ್ಕೇ ಅದು ಮಿತಮಿತವಾಗಿ, ಎಡೆಬಿಟ್ಟು, ಮತ್ತೆ ಮತ್ತೆ ಬರಬೇಕಾಗಿದ್ದರೆ, ಸಾಮಾನ್ಯನಾದ ಓದುಗನು ಒಂದೇ ಉಸಿರಿಗೆ ಅದನ್ನು ಒಳಗುಮಾಡಿಕೊಳ್ಳಬಲ್ಲನೆಂದು ಎಣಿಸುವುದು ಸಲ್ಲದು. ದಿನಕ್ಕೊಂದು ಪಾಲನ್ನು ಓದುವ ಭಕ್ತನು, ಗ್ರಂಥವು ಯಾವ ನಡೆಯಿಂದ ಬಂದಿತೋ ಅದೇ ನಡೆಯಿಂದ ಅದನ್ನು ಬರಮಾಡಿಕೊಳ್ಳುತ್ತಿರುತ್ತಾನೆ.

ಅಲ್ ಮುಜ್ಜಮ್ಮಿಲ್ ಎಂಬ 73ನೆಯ ಸೂರಾ ಈ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಅದರ ಮೊದಲ ಭಾಗದಲ್ಲಿ, ಹೊದಿಕೆಯನ್ನು ಹೊದ್ದಿದ್ದ ಪೈಗಂಬರರನ್ನು ಸಂಬೋಧಿಸಿ, ಇರುಳಿನ ಅರ್ಧಭಾಗವನ್ನು, ಅಥವಾ ಅದಕ್ಕಿಂತ ತುಸು ಕಡಮೆಯಾಗಿಯೋ ಹೆಚ್ಚಾಗಿಯೋ ಎದ್ದುನಿಂತು ಕಳೆಯಬೇಕೆಂದೂ, ಕುರಾನನ್ನು ತರ್ತೀಲಿನಿಂದ, ಎಂದರೆ ಬಿಡಿಸಿ ಬಿಡಿಸಿ ನಿಧಾನವಾಗಿ ಓದಬೇಕೆಂದೂ ವಿಧಿಸಿದೆ. ಅದೇ ಸೂರಾದ ಕಡೆಯ ವಚನದಲ್ಲಿ, ಎಂದರೆ ಆಯತ್ತಿನಲ್ಲಿಯಾದರೋ, ನಿಮ್ಮಲ್ಲಿ ರೋಗಿಗಳಿರಬಹುದು, ಜೀವನೋಪಾಯಕ್ಕಾಗಿ ದೇಶಸಂಚಾರ ಮಾಡುವವರಿರಬಹುದು, ದೇವರ ಮಾರ್ಗದಲ್ಲಿ ಹೋರಾಡುವವರಿರಬಹುದು ಎಂದು ಮಾನವಸ್ಥಿತಿಯನ್ನು ಕರುಣೆಯಿಂದ ಪರಿಗಣಿಸಿ, ನಿಮಗೆ ಸುಲಭವಾದಷ್ಟನ್ನು ಓದಿರೆಂಬ ವಿನಾಯಿತಿಯನ್ನು ನೀಡಿದೆ. ಪ್ರಮಾಣವು ಸಡಿಲವಾಯಿತು; ನಿಯಮವು ಸಡಿಲವಾಗಲಿಲ್ಲ. ರೋಗಿಯೂ ವ್ಯಾಪಾರಿಯೂ ಓದಿನಿಂದ ಹೊರತಾಗಲಿಲ್ಲವೆಂಬುದನ್ನು ನಾವು ಗುರುತಿಸಬೇಕು. ಪೈಗಂಬರರ ಪತ್ನಿ ಆಯಿಷಾ ಅವರ ಮೂಲಕ ಬಂದಿರುವ ಪ್ರಸಿದ್ಧ ಹದೀಸೊಂದರಲ್ಲಿಯೂ, ಎಂದರೆ ಪೈಗಂಬರರ ನುಡಿನಡೆಗಳ ವರದಿಯಲ್ಲಿಯೂ, ಅಲ್ಪವೇ ಆದರೂ ನಿರಂತರವಾಗಿ ನಡೆಯುವ ಕರ್ಮವೇ ದೇವರಿಗೆ ಅತ್ಯಂತ ಪ್ರಿಯವೆಂಬ ಭಾವವಿದೆ.

ಪೈಗಂಬರರೇ ಈ ನಿಯಮಕ್ಕೆ ಒಳಪಟ್ಟಿದ್ದರು. ಪ್ರತಿ ರಂಜಾನಿನಲ್ಲಿ ಜಿಬ್ರೀಲ್ ದೇವದೂತರು ಬಂದು, ಅದುವರೆಗೆ ಅವತರಿಸಿದ್ದ ಭಾಗವನ್ನೆಲ್ಲ ಅವರೊಡನೆ ಆವರ್ತನ ಮಾಡುತ್ತಿದ್ದರೆಂದೂ, ಅವರ ಜೀವಿತದ ಅಂತಿಮ ವರ್ಷದಲ್ಲಿ ಈ ಆವರ್ತನವು ಎರಡು ಬಾರಿ ನಡೆಯಿತೆಂದೂ ಹದೀಸು ಸಂಗ್ರಹಗಳು ಹೇಳುತ್ತವೆ. ಇಂದು ರಂಜಾನಿನ ರಾತ್ರಿಗಳ ತರಾವೀಹ್ ನಮಾಜಿನಲ್ಲಿ, ಕಂಠಪಾಠ ಮಾಡಿದ ಹಾಫಿಜರು ಇಡೀ ಕುರಾನನ್ನು ಓದಿ ಮುಗಿಸುವ ಸಂಪ್ರದಾಯಕ್ಕೆ ಈ ಆವರ್ತನವೇ ಆದರ್ಶ.

ಇನ್ನು ಓದಿನ ಮಾತ್ರೆ. ಅಬ್ದುಲ್ಲಾ ಬಿನ್ ಅಮ್ರ್ ಎಂಬ ತರುಣ ಸಹಾಬಿಯು, ಎಂದರೆ ಪೈಗಂಬರರ ಸಹಚರನು, ಹಗಲೆಲ್ಲ ಉಪವಾಸ, ಇರುಳೆಲ್ಲ ಓದು ಎಂಬ ಉಗ್ರನಿಷ್ಠೆಯಲ್ಲಿ ತೊಡಗಿದ್ದನು. ಪೈಗಂಬರರು ಆತನನ್ನು ಕರೆದು, ಕುರಾನನ್ನು ತಿಂಗಳಿಗೊಮ್ಮೆ ಓದಿ ಮುಗಿಸಿದರೆ ಸಾಕೆಂದರು. ತನಗೆ ಇನ್ನೂ ಶಕ್ತಿಯುಂಟೆಂದು ಆತನು ಬೇಡುತ್ತ ಹೋದಂತೆಲ್ಲ ಅವಧಿಯನ್ನು ಇಳಿಸುತ್ತ ಬಂದು, ಏಳು ದಿನಗಳಲ್ಲಿ ನಿಲ್ಲಿಸಿದರು. ಮೂರು ದಿನಕ್ಕಿಂತ ಕಡಮೆ ಅವಧಿಯಲ್ಲಿ ಓದಿ ಮುಗಿಸುವವನು ಅದನ್ನು ಗ್ರಹಿಸಲಾರನೆಂಬ ಮಾತೂ ಆತನ ಮೂಲಕವೇ ಬಂದಿದೆ. ಮುಂದೆ ಮುದುಪಿನಲ್ಲಿ ಆತನು, ಅಂದು ಕೊಟ್ಟಿದ್ದ ರಿಯಾಯಿತಿಯನ್ನು ಸ್ವೀಕರಿಸಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದನಾದರೂ, ಕೈಕೊಂಡ ನಿಯಮವನ್ನು ಬಿಡಲಿಲ್ಲವಂತೆ. ಗ್ರಂಥದ ಓದಿನ ವಿಭಾಗಗಳು ಈ ದಿನಚರಿಯ ಅಗತ್ಯದಿಂದ ಹುಟ್ಟಿದವು. ಏಳು ದಿನಗಳಲ್ಲಿ ಓದುವವರಿಗೆ ಏಳು ಮಂಜಿಲುಗಳು. ತಿಂಗಳಲ್ಲಿ ಓದುವವರಿಗೆ 30 ಜುಜುಗಳು, ಅಂದರೆ ನಮ್ಮ ಕಡೆಯ ಮನೆಮಾತಿನ ಸಿಪಾರೆಗಳು. ಅವುಗಳ ಅರೆಪಾಲಾಗಿ 60 ಹಿಜ್ಬುಗಳು. ಸಿಪಾರೆಗಳೂ ಹಿಜ್ಬುಗಳೂ 114 ಸೂರಾಗಳ ವಿಷಯವಿಭಾಗವನ್ನು ಅನುಸರಿಸಿದವುಗಳಲ್ಲ. ಒಂದು ಕಥೆಯ ನಡುವೆಯೇ ಸಿಪಾರೆ ಮುಗಿಯಬಹುದು. ಮನುಷ್ಯನ ದಿವಸಕ್ಕೆ ಹೊಂದುವಂತೆ ಗ್ರಂಥವನ್ನು ಅಳೆದ ಅಳತೆಗಳು ಇವು.

ಮೊರಾಕೊ ದೇಶದಲ್ಲಿ ಈ ಅಳತೆಯು ಊರೊಟ್ಟಿನ ನಿಯಮವೇ ಆಗಿದೆ. ಅಲ್ಲಿಯ ಮಸೀದಿಗಳಲ್ಲಿ ಬೆಳಗಿನ ನಮಾಜಿನ ಬಳಿಕ ಒಂದು ಹಿಜ್ಬನ್ನೂ ಸಂಜೆಯ ಮಗ್ರಿಬ್ ನಮಾಜಿನ ಬಳಿಕ ಇನ್ನೊಂದನ್ನೂ ನೆರೆದವರು ಒಂದೇ ಕಂಠದಿಂದ ಓದುತ್ತಾರೆ. ಹೀಗೆ ತಿಂಗಳಿಗೊಮ್ಮೆ ಕುರಾನು ಸಮಾಪ್ತಿಗೊಂಡು, ಮರುದಿನವೇ ಮೊದಲಾಗುತ್ತದೆ. ಅವರು ಅನುಸರಿಸುವುದು ನಾಫಿ ಎಂಬ ಮದೀನಾದ ಆಚಾರ್ಯರಿಂದ ವರ್ಷ್ ಎಂಬ ಶಿಷ್ಯರ ಮೂಲಕ ಬಂದ ಪಾಠವನ್ನು. ಉಸಿರು ನಿಲ್ಲಿಸುವ ಎಡೆಗಳಿಗೆ 1524ರಲ್ಲಿ ತೀರಿಕೊಂಡ ಅಲ್ ಹಬ್ತೀ ಎಂಬ ಪಂಡಿತರ ಕ್ರಮವನ್ನು. ಬಹುಕಂಠವು ಒಂದೇ ಎಡೆಯಲ್ಲಿ ಉಸಿರೆಳೆದುಕೊಳ್ಳಲು ಈ ಕ್ರಮವು ಅನುಕೂಲ. ಸಮೂಹವಾಗಿ ಓದುವುದು ಯುಕ್ತವೇ ಎಂಬ ವಿಷಯದಲ್ಲಿ ಅವರ ಮಾಲಿಕೀ ಪಂಥದ ಪಂಡಿತರಲ್ಲಿಯೇ ದೀರ್ಘವಾದ ವಾದ ನಡೆದಿದೆ. ಒಂಟಿಯಾಗಿ ಓದುವವನ ಏಕಾಗ್ರತೆಯು ಅಲ್ಲಿ ಕುಂದುವುದೆಂಬ ಶಂಕೆಯನ್ನು ಅಲ್ಲಗಳೆಯುವಂತಿಲ್ಲ. ಆದರೂ ಸೋತ ದಿನದಲ್ಲಿ ಒಬ್ಬನ ಸಂಕಲ್ಪವನ್ನು ಹಲವರ ಕಂಠವು ಎತ್ತಿ ನಿಲ್ಲಿಸುವುದುಂಟಾದುದರಿಂದ, ಅಲ್ಲಿಯ ಜನರು ಈ ಪದ್ಧತಿಯನ್ನು ಉಳಿಸಿಕೊಂಡುದು ವಿವೇಕವೆಂದೇ ನನಗೆ ತೋರುತ್ತದೆ.

ಆ ದೇಶದ ಪುತ್ರನೊಬ್ಬನು ನಮ್ಮ ನಾಡಿಗೆ ಬಂದು ಬರೆದಿಟ್ಟ ಸಾಕ್ಷ್ಯವನ್ನು ಕನ್ನಡಿಗರು ಮರೆಯಲಾಗದು. 1304ರಲ್ಲಿ ತಾಂಜೀರಿನಲ್ಲಿ ಜನಿಸಿದ ಇಬ್ನ್ ಬತೂತನು ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, ಕಲ್ಲಿಕೋಟೆಯ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ನಾವೆಗಳೂ ಕಾಣಿಕೆಗಳೂ ನಾಶವಾಗಲು, ದಿಲ್ಲಿಗೆ ಮರಳಲು ಅಂಜಿ, ಹೊನ್ನಾವರದ ಸುಲ್ತಾನ್ ಜಮಾಲುದ್ದೀನನ ಆಶ್ರಯಕ್ಕೆ ಬಂದನು. ಸೇವಕರಿಲ್ಲದ ಆ ದಿನಗಳಲ್ಲಿ ಹೆಚ್ಚಿನ ಕಾಲವನ್ನು ಮಸೀದಿಯಲ್ಲಿಯೇ ಕಳೆಯುತ್ತ, ದಿನಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಬಾರಿ ಕುರಾನನ್ನು ಓದಿ ಮುಗಿಸುತ್ತಿದ್ದುದಾಗಿ ಆತನು ತನ್ನ ಪ್ರವಾಸಕಥನದಲ್ಲಿ ಹೇಳಿಕೊಂಡಿದ್ದಾನೆ. ಮೂರು ದಿನಗಳ ಮಿತಿಯನ್ನು ಇದೀಗ ತಾನೇ ಹೇಳಿದ ನಾನು ಇದನ್ನು ಆದರ್ಶವೆಂದು ಮುಂದಿಡಲಾರೆ. ಆದರೆ ಸರ್ವಸ್ವವನ್ನೂ ಕಳೆದುಕೊಂಡು ಭವಿಷ್ಯವೇನೆಂದು ತಿಳಿಯದೆ ಪರದೇಶದಲ್ಲಿ ನಿಂತವನಿಗೆ ಕಂಠಗತವಾದ ಗ್ರಂಥವೊಂದೇ ನೆಲೆಯಾಯಿತೆಂಬುದು ಹೃದಯವನ್ನು ತಟ್ಟುವ ಸಂಗತಿ. ಅದೇ ಹೊನ್ನಾವರದಲ್ಲಿ ಸ್ತ್ರೀಯರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ, ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿದ್ದುವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಆತನು ಬರೆದಿದ್ದಾನೆ. ಹದಿನಾಲ್ಕನೆಯ ಶತಮಾನದ ನಮ್ಮ ಕರಾವಳಿಯ ಒಂದು ಪಟ್ಟಣಕ್ಕೆ ಲೋಕವನ್ನು ಸುತ್ತಿದವನು ಕೊಟ್ಟ ಗೌರವವಿದು.

ಅಂತರಂಗದ ಕಡೆಗೆ ಬರೋಣ. ತಿಲಾವತ್ತಿನ ಒಳಗಣ ಶಿಸ್ತನ್ನು ಕುರಿತು ವಿಚಾರಮಾಡಿದವರಲ್ಲಿ ಇಮಾಮ್ ಗಜಾಲಿಯವರಿಗೆ ಸಮಾನರಾದವರನ್ನು ನಾನು ಕಾಣೆ. ಖುರಾಸಾನಿನ ತೂಸ್ ಪ್ರಾಂತದಲ್ಲಿ 1058ರಲ್ಲಿ ಹುಟ್ಟಿ, ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪ್ರಧಾನ ಆಚಾರ್ಯಪೀಠವನ್ನೇರಿ, 1095ರಲ್ಲಿ ಆ ವೈಭವವನ್ನು ತೊರೆದು ವಿರಕ್ತರಾಗಿ ಹೊರಟ ಆ ಮಹನೀಯರು, ತಮ್ಮ ‘ಇಹ್ಯಾ ಉಲೂಮುದ್ದೀನ್’ ಎಂಬ ಬೃಹದ್ಗ್ರಂಥದ 40 ಪ್ರಕರಣಗಳಲ್ಲಿ ಎಂಟನೆಯದನ್ನು ತಿಲಾವತ್ತಿಗೆ ಮೀಸಲಿಟ್ಟಿದ್ದಾರೆ. ಬಾಹ್ಯನಿಯಮಗಳು ಹತ್ತು, ಆಂತರಿಕ ನಿಯಮಗಳು ಹತ್ತು. ವುಜೂ ಎಂಬ ಅಂಗಶುದ್ಧಿಯನ್ನು ಮಾಡಿ, ಮಕ್ಕಾದ ದಿಕ್ಕಾದ ಕಿಬ್ಲಾಕ್ಕೆ ಅಭಿಮುಖನಾಗಿ, ವಿನಯದಿಂದ ಕುಳಿತು ನಿಧಾನವಾಗಿ ಓದುವುದೇ ಮೊದಲಾದ ಬಾಹ್ಯನಿಯಮಗಳು ಶರೀರವನ್ನು ಸಿದ್ಧಗೊಳಿಸುತ್ತವೆ. ವಾಣಿಯ ಮಹಿಮೆಯನ್ನೂ ವಾಣಿಯನ್ನಾಡಿದವನ ಮಹಿಮೆಯನ್ನೂ ಅರಿತು, ಹೃದಯವನ್ನು ಸನ್ನಿಹಿತವಾಗಿಸಿಕೊಂಡು, ಮನನಮಾಡುತ್ತ ಓದುವ ಆಂತರಿಕ ನಿಯಮಗಳಲ್ಲಿ, ಗ್ರಹಿಕೆಗೆ ಅಡ್ಡವಾದವುಗಳನ್ನು ತೊಲಗಿಸುವುದೂ ಒಂದು. ಆ ಅಡ್ಡಿಗಳ ಎಣಿಕೆಯಲ್ಲಿ ಗಜಾಲಿಯವರು ಮೊಟ್ಟಮೊದಲು ಹೇಳುವುದು, ಅಕ್ಷರಗಳನ್ನು ಅವುಗಳ ಸ್ಥಾನದಿಂದ ಹೊರಡಿಸುವುದರಲ್ಲಿಯೇ ಮನಸ್ಸೆಲ್ಲ ವ್ಯಯವಾಗುವ ಸ್ಥಿತಿಯನ್ನು. ಮತದ ಅಭಿಮಾನ, ಪಾಪದಲ್ಲಿಯೂ ಅಹಂಕಾರದಲ್ಲಿಯೂ ಅಂಟಿಕೊಂಡಿರುವುದು, ಓದಿದ ಒಂದು ವ್ಯಾಖ್ಯಾನದಲ್ಲಿಯೇ ಅರ್ಥವೆಲ್ಲ ಮುಗಿದುಹೋಯಿತೆಂಬ ಭ್ರಾಂತಿ, ಇವು ಉಳಿದ ಅಡ್ಡಿಗಳು. ಶಾಸ್ತ್ರಪಾಂಡಿತ್ಯದ ಶಿಖರದಲ್ಲಿದ್ದವರೇ ಪಾಂಡಿತ್ಯವು ತೆರೆಯಾಗಬಲ್ಲುದೆಂದು ಎಚ್ಚರಿಸಿದ್ದರಿಂದ ಈ ಮಾತಿಗೆ ತೂಕ ಹೆಚ್ಚು.

ಅವರು ಹೇಳುವ ಇನ್ನೊಂದು ನಿಯಮವು ನನ್ನ ವಾದಕ್ಕೆ ಅತ್ಯಂತ ಸಮೀಪವಾದುದು. ಕುರಾನಿನ ಪ್ರತಿಯೊಂದು ಆಜ್ಞೆಯೂ ನಿಷೇಧವೂ ಭರವಸೆಯೂ ಬೆದರಿಕೆಯೂ ತನ್ನನ್ನೇ ಉದ್ದೇಶಿಸಿ ಬಂದುದೆಂದು ಓದುವವನು ಭಾವಿಸಬೇಕು. ಪೂರ್ವಪ್ರವಾದಿಗಳ ಕಥೆಗಳನ್ನು ಕಾಲಕ್ಷೇಪಕ್ಕಾಗಿ ಹೇಳಿದ ಕಥೆಗಳೆಂದು ತಿಳಿಯಬಾರದು. ಸಜ್ಜನರ ಸ್ತುತಿ ಬಂದೆಡೆಯಲ್ಲಿ ತನ್ನನ್ನು ಅವರ ಸಾಲಿನಲ್ಲಿ ಸೇರಿಸಿಕೊಳ್ಳಬಾರದು. ಅಪರಾಧಿಗಳ ನಿಂದೆ ಬಂದೆಡೆಯಲ್ಲಿ ಅದು ತನಗೇ ಎಂದು ಬೆದರಬೇಕು. ಇದು ಆಗಬೇಕಾದರೆ ಓದಿನ ಕ್ರಮವು ಓದುಗನ ರುಚಿಯನ್ನು ಅವಲಂಬಿಸಿರಬಾರದು. ತನಗೆ ಒಪ್ಪುವ ಸೂರಾಗಳನ್ನು ಮಾತ್ರ ಆರಿಸಿ ಓದುವವನು ಬಹುಬೇಗನೆ ತನ್ನ ಮನಸ್ಸಿನ ಪ್ರತಿಧ್ವನಿಯನ್ನೇ ಕೇಳಿಸಿಕೊಳ್ಳತೊಡಗುತ್ತಾನೆ. ಸಿಪಾರೆಯ ಅನುಕ್ರಮವನ್ನು ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಆತನು ಸುಖದಲ್ಲಿರುವ ದಿನ ನರಕದ ವರ್ಣನೆಯನ್ನು ಓದಬೇಕಾಗುತ್ತದೆ. ಶೋಕದಲ್ಲಿರುವ ದಿನ ದಾಯಭಾಗದ ವಿಧಿಗಳನ್ನು ಓದಬೇಕಾಗುತ್ತದೆ. ಕುರಾನಿನಲ್ಲಿ ಅತ್ಯಂತ ದೀರ್ಘವಾದ ಆಯತ್ತು ಯಾವುದು? ಅಲ್ ಬಕರಾ ಸೂರಾದ 282ನೆಯ ಆಯತ್ತು. ಅದರ ವಿಷಯ ಸಾಲಪತ್ರ: ಅವಧಿಯ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲಗಾರನು ಬರೆಯಿಸಬೇಕು, ಸಾಕ್ಷಿಗಳು ಕರೆದಾಗ ಬರಬೇಕು ಎಂದು ಮೊದಲಾಗಿ. ದೇವರ ಮಹಿಮೆಯನ್ನು ಸಾರುವ, ಆಯತುಲ್ ಕುರ್ಸಿಯೆಂದು ಪ್ರಸಿದ್ಧವಾದ 255ನೆಯ ಆಯತ್ತು ಅದೇ ಸೂರಾದಲ್ಲಿದೆ. ಅದನ್ನು ಯಾವ ಧ್ವನಿಯಿಂದ, ಯಾವ ಶುಚಿತ್ವದಿಂದ ಓದುತ್ತಾರೋ ಸಾಲಪತ್ರದ ಆಯತ್ತನ್ನೂ ಅದೇ ಧ್ವನಿಯಿಂದ, ಅದೇ ಶುಚಿತ್ವದಿಂದ ಓದುತ್ತಾರೆ. ನೆರೆಯವನಿಂದ ಪಡೆದ ಹಣದ ಲೆಕ್ಕವನ್ನೂ ಪರಮಾತ್ಮನ ಸಿಂಹಾಸನವನ್ನೂ ಒಂದೇ ಉಪಾಸನೆಯೊಳಗೆ ತರುವ ಈ ಓದು, ಅಧ್ಯಾತ್ಮವನ್ನು ವ್ಯವಹಾರದಿಂದ ಬೇರೆಯಾಗಿಡುವ ನಮ್ಮ ಅಭ್ಯಾಸವನ್ನು ದಿನದಿನವೂ ತಿದ್ದುತ್ತಿರುತ್ತದೆ. ಕ್ರಮತಪ್ಪದ ಓದಿನ ಪ್ರಥಮ ಫಲವೆಂದು ನಾನು ಎಣಿಸುವುದು ಇದನ್ನು.

ಇಂಥ ಓದಿಗೆ ಮೂರು ಮೆಟ್ಟಿಲುಗಳನ್ನು ಗಜಾಲಿಯವರು ಹೇಳುತ್ತಾರೆ. ತಾನು ದೇವರ ಎದುರಿನಲ್ಲಿ ನಿಂತು ಓದುತ್ತಿದ್ದೇನೆಂಬ ಭಾವ ಮೊದಲನೆಯದು. ದೇವರೇ ತನ್ನೊಡನೆ ಮಾತನಾಡುತ್ತಿದ್ದಾನೆಂಬ ಭಾವ ಎರಡನೆಯದು. ಮಾತಿನಲ್ಲಿ ಮಾತಾಡಿದವನನ್ನೇ ಕಂಡು ತನ್ನನ್ನೂ ತನ್ನ ಓದನ್ನೂ ಮರೆಯುವುದು ಮೂರನೆಯದು. ಓದುವವನು ಕ್ರಮೇಣ ಕೇಳುವವನಾಗುವ ಈ ಪರಿವರ್ತನೆಗೆ ಪೈಗಂಬರರ ಜೀವನದಲ್ಲಿಯೇ ನಿದರ್ಶನವುಂಟು. ತಮಗೆ ಓದಿ ಕೇಳಿಸುವಂತೆ ಅವರು ಇಬ್ನ್ ಮಸ್‌ಊದರನ್ನು ಕೇಳಿಕೊಂಡಾಗ, ತಮ್ಮ ಮೇಲೆಯೇ ಅವತರಿಸಿದುದನ್ನು ತಮಗೆ ನಾನು ಓದುವುದೇ ಎಂದು ಆ ಶಿಷ್ಯರು ಸಂಕೋಚಗೊಂಡರು. ಪರರಿಂದ ಕೇಳುವುದು ತಮಗೆ ಪ್ರಿಯವೆಂಬ ಉತ್ತರ ಬಂದಿತು. ಪ್ರತಿಯೊಂದು ಸಮುದಾಯದ ಮೇಲೂ ಸಾಕ್ಷಿಯನ್ನು ಕರೆಯುವ ಅನ್ನಿಸಾ ಸೂರಾದ ಆಯತ್ತು ಬಂದಾಗ ಸಾಕೆಂದರು. ಶಿಷ್ಯರು ತಿರುಗಿ ನೋಡಿದರೆ ಪೈಗಂಬರರ ಕಣ್ಣುಗಳು ತುಂಬಿ ಹರಿಯುತ್ತಿದ್ದುವು.

ಭಾಷೆಯನ್ನರಿಯದವನ ಓದಿನ ಪ್ರಶ್ನೆಯನ್ನು ಇನ್ನು ತಡಮಾಡದೆ ಎತ್ತಿಕೊಳ್ಳಬೇಕು. ಲೋಕದ ಮುಸಲ್ಮಾನರಲ್ಲಿ ಬಹುಸಂಖ್ಯಾತರ ಮನೆಮಾತು ಅರಬ್ಬಿಯಲ್ಲ. ಆದರೂ ದಿನದ ಐದು ನಮಾಜುಗಳ 17 ಕಡ್ಡಾಯ ರಕಾತುಗಳಲ್ಲಿ, ಎಂದರೆ ಆವರ್ತನಗಳಲ್ಲಿ, ಅಲ್ ಫಾತಿಹಾ ಸೂರಾ ಅರಬ್ಬಿಯಲ್ಲಿಯೇ ಸಲ್ಲುತ್ತದೆ. ನಮಾಜಿನಲ್ಲಿ ಪಾರಸಿಯ ಅನುವಾದವನ್ನು ಓದಬಹುದೆಂಬ ಅಭಿಪ್ರಾಯ ಇಮಾಮ್ ಅಬೂ ಹನೀಫರದಾಗಿತ್ತೆಂದೂ, ಮುಂದೆ ಅವರು ಅದನ್ನು ಹಿಂತೆಗೆದುಕೊಂಡರೆಂದೂ ಹನಫೀ ಗ್ರಂಥಗಳಲ್ಲಿ ಉಲ್ಲೇಖವಿದೆ. ಈ ಪ್ರಶ್ನೆ ಎಷ್ಟು ಹಳೆಯದೆಂಬುದಕ್ಕೆ ಇಷ್ಟೇ ಸಾಕು. ತಡವರಿಸುತ್ತ ಕಷ್ಟಪಟ್ಟು ಓದುವವನಿಗೆ ಎರಡುಪಟ್ಟು ಪುಣ್ಯವುಂಟೆಂಬ ಹದೀಸು ಅಕ್ಷರದ ಓದಿಗೂ ಮನ್ನಣೆಯನ್ನು ಕೊಟ್ಟಿದೆ. ಧ್ವನಿಯ ದೀರ್ಘ, ಅನುನಾಸಿಕ, ವಿರಾಮಗಳನ್ನು ವಿಧಿಸುವ ತಜ್ವೀದ್ ಶಾಸ್ತ್ರವು ನಾಲಗೆಯನ್ನೂ ಉಸಿರನ್ನೂ ಪಳಗಿಸಿ, ಕುರಾನಿನಲ್ಲಿ ಗೊತ್ತಾದ ಎಡೆಗಳಲ್ಲಿ ಸಜ್ದಾ ಮಾಡಬೇಕೆಂಬ ನಿಯಮವು ದೇಹವನ್ನೇ ನೆಲಕ್ಕೆ ಬಾಗಿಸಿ, ಓದನ್ನು ಸರ್ವಾಂಗದ ಉಪಾಸನೆಯನ್ನಾಗಿ ಮಾಡುತ್ತವೆ. ಪ್ರಾಣಬಿಡುತ್ತಿರುವವರ ತಲೆದೆಸೆಯಲ್ಲಿ ಕುಳಿತು ಯಾಸೀನ್ ಸೂರಾವನ್ನು ಓದುವ ತಾಯಂದಿರಿಗೆ ಅರಬ್ಬೀ ವ್ಯಾಕರಣ ತಿಳಿಯದೆಂದು ಅವರ ಓದನ್ನು ನಿರರ್ಥಕವೆನ್ನುವ ಧಾರ್ಷ್ಟ್ಯ ನನಗಿಲ್ಲ.

ಆದರೆ ಅಷ್ಟರಿಂದಲೇ ತೃಪ್ತರಾಗಿರೆಂದು ಕುರಾನು ಎಲ್ಲಿಯೂ ಹೇಳುವುದಿಲ್ಲ. ಜನರು ಇದರ ಆಯತ್ತುಗಳನ್ನು ಮನನಮಾಡಲೆಂದೇ ಇದು ಇಳಿದುಬಂದಿತೆಂದು ಅದು ಸಾರುತ್ತದೆ. ಮನನಮಾಡದವರ ಹೃದಯಗಳಿಗೆ ಬೀಗಬಿದ್ದಿದೆಯೇ ಎಂದು ಕಠೋರವಾಗಿ ಪ್ರಶ್ನಿಸುತ್ತದೆ. ಪುಣ್ಯದ ಲೆಕ್ಕದಲ್ಲಿ ಅಕ್ಷರಗಳನ್ನು ಎಣಿಸಿ, ಅರ್ಥವನ್ನು ಪಂಡಿತರಿಗೆ ಬಿಟ್ಟುಕೊಡುವ ಪ್ರವೃತ್ತಿಯು ಈ ಸಾಧನೆಗೆ ಒದಗಿರುವ ದೊಡ್ಡ ಹಾನಿಯೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಪೈಗಂಬರರು ಒಂದಿರುಳೆಲ್ಲ ಒಂದೇ ಆಯತ್ತನ್ನು ಬೆಳಗಿನವರೆಗೂ ಪುನಃ ಪುನಃ ಓದುತ್ತ ನಿಂತಿದ್ದರೆಂಬ ವೃತ್ತಾಂತವು ಲೆಕ್ಕವಿಡುವವರೆಲ್ಲರೂ ಚಿಂತಿಸಬೇಕಾದ ವೃತ್ತಾಂತ.

ಅರ್ಥವು ತಿಳಿದರೂ ಆಚರಣೆ ಬೇರೆಯಾದರೆ ಏನಾಗುವುದೆಂಬುದಕ್ಕೂ ಇತಿಹಾಸವು ಸಾಕ್ಷಿ. ಓದು ಗಂಟಲಿನಿಂದ ಕೆಳಗಿಳಿಯದ ಜನರು ಬರುವರೆಂದು ಹದೀಸಿನಲ್ಲಿ ಎಚ್ಚರಿಕೆಯಿದೆ. ಪರಂಪರೆಯು ಅದನ್ನು ಖಾರಿಜೀಯರೆಂಬ ಉಗ್ರಪಂಗಡಕ್ಕೆ ಅನ್ವಯಿಸಿತು. ಅತಿಶಯವಾದ ತಿಲಾವತ್ತಿಗೂ ನಿಷ್ಠೆಗೂ ಹೆಸರಾಗಿದ್ದ ಆ ಪಂಗಡದವನೊಬ್ಬನ ಕತ್ತಿಯಿಂದಲೇ 661ರಲ್ಲಿ ಖಲೀಫಾ ಅಲಿಯವರು ಹತರಾದರು. ಇದಕ್ಕೆ ಪ್ರತಿಯಾಗಿ, ಪೈಗಂಬರರ ಶೀಲವೆಂತಹದೆಂದು ಕೇಳಿದವರಿಗೆ, ಅವರ ಶೀಲವು ಕುರಾನೇ ಆಗಿತ್ತೆಂಬ ಭಾವದ ಉತ್ತರವನ್ನು ಆಯಿಷಾ ಅವರು ಕೊಟ್ಟರು. ತಿಲಾವತ್ತಿನ ಗಂತವ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರಿಲ್ಲ.

ಆ ಗಂತವ್ಯವು ಒಂದು ಬಾರಿಯ ಓದಿಗೆ ದೊರೆಯುವುದಲ್ಲವೆಂದೇ ಓದಿಗೆ ಕೊನೆಯಿಲ್ಲ. ಕಂಠಪಾಠ ಮಾಡಿದವನ ಕುರಾನು ಕಟ್ಟಿದ ಒಂಟೆಯಂತೆ, ಕಾಯುತ್ತಿದ್ದರೆ ಉಳಿಯುವುದು, ಮೈಮರೆತರೆ ಬಿಚ್ಚಿಕೊಂಡು ಹೋಗುವುದು ಎಂಬ ಹೋಲಿಕೆಯನ್ನು ಮರುಭೂಮಿಯ ಜನರಿಗೆ ಪೈಗಂಬರರು ಹೇಳಿದರು. ಇಳಿದೊಡನೆ ಮತ್ತೆ ಹೊರಡುವ ಪಯಣಿಗನೇ ದೇವರಿಗೆ ಪ್ರಿಯನೆಂಬ ಹದೀಸೂ ಒಂದುಂಟು. ಅದರ ಪ್ರಾಮಾಣ್ಯದ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಕಡೆಯ ಸೂರಾ ಅನ್ನಾಸ್ ಮುಗಿದ ಕೂಡಲೇ ಅದೇ ಆಸನದಲ್ಲಿ ಅಲ್ ಫಾತಿಹಾವನ್ನೂ ಅಲ್ ಬಕರಾದ ಮೊದಲ ಆಯತ್ತುಗಳನ್ನೂ ಓದಿ ಹೊಸ ಆವೃತ್ತಿಯನ್ನು ಆರಂಭಿಸುವ ಪದ್ಧತಿ ಬಹುದೇಶಗಳಲ್ಲಿ ನಡೆದುಬಂದಿದೆ.

ಸಭಿಕರಲ್ಲಿ ಈ ಮತಕ್ಕೆ ಸೇರಿದವರು ಇದ್ದೀರಿ, ಸೇರದವರೂ ಇದ್ದೀರಿ. ಸೇರದವರಲ್ಲಿ ನನ್ನ ಬಿನ್ನಹವಿಷ್ಟೆ: ನೆರೆಮನೆಯಿಂದ ಪ್ರಾತಃಕಾಲದಲ್ಲಿ ತಿಲಾವತ್ತಿನ ಧ್ವನಿ ಕೇಳಿಬಂದಾಗ ಅದನ್ನು ಪರಭಾಷೆಯ ಸದ್ದೆಂದು ಭಾವಿಸದೆ, ತನ್ನ ದಿನವನ್ನು ಒಂದು ಮಾತಿಗೆ ಅಧೀನಗೊಳಿಸುತ್ತಿರುವ ಮನುಷ್ಯನೊಬ್ಬನ ಸಾಧನೆಯೆಂದು ಆದರಿಸಬೇಕು. ಸೇರಿದವರಲ್ಲಿ ನನ್ನ ಬಿನ್ನಹ ಇನ್ನೂ ಕಿರಿದು. ನಿಮ್ಮ ವಿರ್ದ್ ಐದೇ ಆಯತ್ತುಗಳಾಗಲಿ. ಅವನ್ನು ಅನುಕ್ರಮದಿಂದ, ಬಿಡದೆ, ನಿಧಾನವಾಗಿ ಓದಿ, ಓದಿದಷ್ಟಕ್ಕೆ ಕನ್ನಡದ ಅರ್ಥವನ್ನೂ ಅದೇ ದಿನ ಓದಿಕೊಳ್ಳಿರಿ. ಕನ್ನಡದಲ್ಲಿ ಕುರಾನಿನ ಅನುವಾದಗಳು ಲಭ್ಯವಿವೆ. ಮಕ್ಕಳಿಗೆ ಅಕ್ಷರವನ್ನು ಕಲಿಸುವ ಮದರಸಾಗಳ ಉಸ್ತಾದರು ಮೊದಲ ದಿನದಿಂದಲೇ ಅರ್ಥವನ್ನೂ ಕನ್ನಡದಲ್ಲಿ ಹೇಳಿಕೊಡಲಿ ಎಂದು ಪ್ರಾರ್ಥಿಸುತ್ತೇನೆ.